ಒಣಗಿ ಬಿರಿದ ಎಳೆಮೈಗೆ ಆಲಿವ್ ಬಾಮ್ ಹಚ್ಚಬೇಡಿ

ನಿಮ್ಮ ಮನೆಯ ಕೂಸಿನ ಕೆನ್ನೆ, ಕೈಕಾಲು ಒಣಗಿ ಕೆಂಪಾಗಿದ್ದು, ಅದಕ್ಕೆ ಆಲಿವ್ ಎಣ್ಣೆಯ ಬಾಮ್ ತರಿಸಬೇಕು ಅಂದುಕೊಂಡಿದ್ದರೆ ದಯವಿಟ್ಟು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ಐದು ವಾರ ಬಿಡದೆ ಹಚ್ಚಿದೆ.

ಮಗನಿಗೆ ಆಗ ನಾಲ್ಕು ತಿಂಗಳು. ಧಾರವಾಡದ ಡಿಸೆಂಬರ್ ಗಾಳಿಗೆ ದೊಡ್ಡವರ ತುಟಿಯೇ ಒಡೆಯುತ್ತದೆ. ಅವನ ಕೆನ್ನೆ, ಮೊಣಕೈ ಮುಟ್ಟಿದರೆ ಉಪ್ಪುಕಾಗದ ಮುಟ್ಟಿದ ಹಾಗೆ. ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರು ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು ಎಂದಿದ್ದರು. ‘ಪೆಟ್ರೋಲಿಯಂ’ ಅನ್ನುವ ಪದಕ್ಕೇ ನನ್ನ ಮನಸ್ಸು ಒಪ್ಪಲಿಲ್ಲ. ಮನೆಯಲ್ಲೇ ತಯಾರಿಸಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವವರೊಬ್ಬರಿಂದ ಬೇಬಿ ಬಾಮ್ ತರಿಸಿದೆ. 100 ಗ್ರಾಂ ಡಬ್ಬಿಗೆ 650 ರೂಪಾಯಿ. ಮುಚ್ಚಳದ ಮೇಲೆ ‘ಸಂಪೂರ್ಣ ಸಸ್ಯಜನ್ಯ, ಕೆಮಿಕಲ್ ಇಲ್ಲ’ ಎಂದಿತ್ತು. ಹಿಂದೆ ಸಣ್ಣ ಅಕ್ಷರದಲ್ಲಿ ಮೊದಲ ಹೆಸರು ಓಲಿಯಾ ಯೂರೋಪಿಯಾ, ಅಂದರೆ ಆಲಿವ್. ಆಮೇಲೆ ಶಿಯಾ ಬೆಣ್ಣೆ, ಬಾದಾಮಿ ಎಣ್ಣೆ, ಕೊನೆಗೆ ಘಮಕ್ಕೆ ಲ್ಯಾವೆಂಡರ್.

ಮೊದಲ ವಾರ ಮೈ ಎಷ್ಟು ಚೆನ್ನಾಗಿ ಮಿಂಚಿತೆಂದರೆ ಫೋಟೋ ತೆಗೆದು ಅಕ್ಕನಿಗೂ ಕಳಿಸಿದೆ. ಮೂರನೇ ವಾರಕ್ಕೆ ಕೆನ್ನೆಯ ಕೆಂಪು ಕುತ್ತಿಗೆಗೆ ಇಳಿಯಿತು. ರಾತ್ರಿಯೆಲ್ಲ ಮುಖವನ್ನು ನನ್ನ ಭುಜಕ್ಕೆ ಉಜ್ಜಿ ಉಜ್ಜಿ ಅಳುತ್ತಿದ್ದ. ಮಾರಿದವರಿಗೆ ಮೆಸೇಜ್ ಮಾಡಿದರೆ ಬಂದ ಉತ್ತರ: ‘ಒಳಗಿನ ವಿಷ ಹೊರಗೆ ಬರ್ತಿದೆ ಮೇಡಂ, ಒಳ್ಳೇ ಲಕ್ಷಣ, ಈಗ ನಿಲ್ಲಿಸಬೇಡಿ.’ ನಾಲ್ಕು ತಿಂಗಳ ಹಸುಗೂಸಿನ ಮೈಯೊಳಗೆ ಯಾವ ವಿಷ ಇರುತ್ತದೆ ಎಂದು ಆಗ ಕೇಳಲಿಲ್ಲ. ಇನ್ನಷ್ಟು ದಪ್ಪಗೆ ಹಚ್ಚಿದೆ. ನಿಮಗೂ ಯಾರಾದರೂ ಈ ಮಾತು ಹೇಳಿದರೆ ಅವತ್ತೇ ಆ ಡಬ್ಬಿ ಮುಚ್ಚಿಡಿ.

ಸಿರಸಿಯಿಂದ ಆಯಿ ಬಂದವಳು ಕೂಸನ್ನು ಎತ್ತಿಕೊಂಡು, ‘ಮಾಣಿ ಮೈ ಎಂತಕ್ಕೆ ಹಿಂಗೆ ಕೆಂಪಾಜು?’ ಎಂದಳು. ಅಷ್ಟು ಹೊತ್ತಿಗೆ ಕಿವಿಯ ಹತ್ತಿರ ನೀರು ಒಸರಿ ಹಳದಿ ಹೆಕ್ಕಳೆ ಕಟ್ಟಿತ್ತು. ಅವತ್ತೇ ಸಂಜೆ ಚರ್ಮದ ಡಾಕ್ಟರ ಬಳಿ ಓಡಿದೆವು. ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ, ಅದರ ಮೇಲೆ ಸೋಂಕು. ಒಂದು ವಾರ ಆಂಟಿಬಯಾಟಿಕ್, ಕೆಲವು ದಿನ ಸೌಮ್ಯವಾದ ಸ್ಟೀರಾಯ್ಡ್ ಮುಲಾಮು, ಮೈಗೆ ಅದೇ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ.

ಎಕ್ಸಿಮಾ ಹುಟ್ಟಿದ್ದು ಬಾಮ್‌ನಿಂದಲ್ಲ, ಅದು ಮೊದಲೇ ಇತ್ತು. ಆದರೆ ದುರ್ಬಲ ಚರ್ಮವನ್ನು ಬಾಮ್ ಇನ್ನಷ್ಟು ಕೆಡಿಸಿರಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ಚರ್ಮದ ಮೇಲ್ಪದರ ಕಲ್ಲಿನ ಗೋಡೆ ಇದ್ದ ಹಾಗೆ. ಜೀವಕೋಶಗಳು ಕಲ್ಲು, ನಡುವಿನ ಕೊಬ್ಬು ಗಾರೆ. ಆಲಿವ್ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ನೂರಕ್ಕೆ 80ರಷ್ಟು, ಓಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲವೇ ಇರುತ್ತದೆ. ಅದು ಆ ಗಾರೆಯೊಳಗೆ ನುಗ್ಗಿ ಅದನ್ನು ಸಡಿಲ ಮಾಡುತ್ತದೆ. ಔಷಧಿಯನ್ನು ಚರ್ಮದೊಳಗೆ ಇಳಿಸಲು ಇದೇ ಆಮ್ಲವನ್ನು ಬಳಸುವುದುಂಟಂತೆ! ಗಾರೆ ಸಡಿಲವಾದರೆ ಒಳಗಿನ ನೀರು ಹೊರಗೆ, ಹೊರಗಿನ ಲ್ಯಾವೆಂಡರ್ ಒಳಗೆ.

ಆಮೇಲೆ ನಾನೂ ಹುಡುಕಿ ಓದಿದೆ. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ದೊಡ್ಡವರ ಮುಂಗೈಗೆ ದಿನಕ್ಕೆರಡು ಸಲ ಆರಾರು ಹನಿ ಆಲಿವ್ ಎಣ್ಣೆ ಹಚ್ಚಿಸಿದ್ದರು. ನಾಲ್ಕೈದು ವಾರದಲ್ಲಿ ಚರ್ಮದ ಗಟ್ಟಿತನ ಕುಗ್ಗಿ ತುಸು ಕೆಂಪಾಯಿತು. ಎಕ್ಸಿಮಾ ಇಲ್ಲದವರಿಗೂ ಹಾಗೆಯೇ ಆಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದ ಕೈಗೆ ಆ ತೊಂದರೆ ಆಗಲಿಲ್ಲ, ಅದರಲ್ಲಿ ಓಲಿಯಿಕ್‌ಗಿಂತ ಲಿನೋಲಿಯಿಕ್ ಎಂಬ ಬೇರೆ ಕೊಬ್ಬಿನಾಮ್ಲ ಹೆಚ್ಚು.

ಹಾಗಾದರೆ ಸೂರ್ಯಕಾಂತಿ ಹಚ್ಚೋಣವೇ ಎಂದು ತಂಗಿ ಕೇಳಿದಳು. ಇಲ್ಲೂ ಒಂದು ತೊಡಕಿದೆ. ಹೈ ಓಲಿಯಿಕ್ ಎಂಬ ತಳಿಯ ಸೂರ್ಯಕಾಂತಿಯಲ್ಲಿ ಓಲಿಯಿಕ್ ಆಮ್ಲ ಆಲಿವ್‌ನಷ್ಟೇ, ಅದಕ್ಕಿಂತಲೂ ಹೆಚ್ಚು. ಲೇಬಲ್‌ನಲ್ಲಿ ಎರಡಕ್ಕೂ ಬರೆಯುವುದು ಹೀಲಿಯಾಂಥಸ್ ಆನ್ಯುಅಸ್ ಅಂತಲೇ. 2016ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರಿನ ಇನ್ನೊಂದು ಅಧ್ಯಯನದಲ್ಲಿ 115 ನವಜಾತ ಶಿಶುಗಳ ಮೇಲೆ ಆಲಿವ್, ಸೂರ್ಯಕಾಂತಿ ಎರಡೂ ಎಣ್ಣೆಗಳನ್ನು ಪರೀಕ್ಷಿಸಿ ನೋಡಿದರು. ಎಣ್ಣೆ ಹಚ್ಚಿದ ಮಕ್ಕಳ ಚರ್ಮದಲ್ಲಿ ತೇವ ಹೆಚ್ಚಿತ್ತು, ಆದರೆ ಆ ಕೊಬ್ಬಿನ ಪದರ ಎಣ್ಣೆ ಹಚ್ಚದವರಷ್ಟು ಚೆನ್ನಾಗಿ ಕೂಡಿಕೊಂಡಿರಲಿಲ್ಲ. ಹಾಗಾಗಿ ಡಾಕ್ಟರನ್ನು ಕೇಳದೆ ನಾನು ಯಾವ ಎಣ್ಣೆಯನ್ನೂ ಸೂಚಿಸುವುದಿಲ್ಲ.

ಇನ್ನೊಂದು ವಿಷಯ ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಬಾಮ್ ಮಾರಿದವರಿಂದಲೇ ತರಿಸಿದ ಮಸಾಜ್ ಎಣ್ಣೆಯ ಬಾಟಲಿಯಲ್ಲಿ ಅರಾಕಿಸ್ ಹೈಪೊಜಿಯಾ ಎಂಬ ಹೆಸರಿತ್ತು. ಅದು ನಮ್ಮ ಶೇಂಗಾ. ಉರಿಯೆದ್ದ ಚರ್ಮಕ್ಕೆ ಶೇಂಗಾ ಎಣ್ಣೆ ಇರುವ ಕ್ರೀಮ್ ಹಚ್ಚಿದ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚು ಕಂಡಿತೆಂದು 2003ರಲ್ಲೇ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿದೆ. ನಮ್ಮ ಪುಣ್ಯ, ಆ ಬಾಟಲಿ ಇನ್ನೂ ತೆರೆದಿರಲಿಲ್ಲ. ಮಗ ಈಗ ಶೇಂಗಾ ಚಿಕ್ಕಿಯ ಪುಡಿಯನ್ನು ಚಪ್ಪರಿಸಿ ತಿನ್ನುತ್ತಾನೆ.

ಡಬ್ಬಿಯನ್ನು ಮತ್ತೆ ತಿರುಗಿಸಿ ನೋಡಿದಾಗ ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಯಾವ ತಾರೀಖಿನೊಳಗೆ ಬಳಸಬೇಕೆಂದೂ ಇಲ್ಲ. ನಮ್ಮ ದೇಶದ ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ಇವೆಲ್ಲ ಇರಲೇಬೇಕು. ಬೀಜದ ಎಣ್ಣೆಗಳು ಗಾಳಿ ಬೆಳಕು ತಾಗಿ ಕಮಟುತ್ತವೆ, ಕಮಟಿದ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ನಾನು ಮೂಸಿ ನೋಡಿದ್ದೆ, ಮೂಗಿಗೆ ಬಂದದ್ದು ಲ್ಯಾವೆಂಡರ್ ಮಾತ್ರ.

ಆಯಿ ಊರಿಂದ ಮುರುಗಲ (ಕೋಕಂ) ತುಪ್ಪದ ಉಂಡೆ ತಂದಿದ್ದಳು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಮ್ಮ ಮನೆಯಲ್ಲಿ ಅದೇ ಮದ್ದು. ‘ಇದನ್ನೂ ಕೂಸಿಗೆ ಹಚ್ಚೂಲೆ ಹೋಗಡ’ ಎಂದು ಅವಳೇ ಅದನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟಳು.

ಈಗ ಸ್ನಾನ ಮಾಡಿಸಿ, ಮೈ ಇನ್ನೂ ಹಸಿಯಿರುವಾಗಲೇ ಜೆಲ್ಲಿ ಸವರುತ್ತೇನೆ. ಚಳಿಗಾಲದಲ್ಲಿ ಅವನ ಮೊಣಕೈ ಈಗಲೂ ಒರಟಾಗುತ್ತದೆ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ. ನಿಮ್ಮ ಮಗುವಿನ ಚರ್ಮದಿಂದ ನೀರು ಒಸರುತ್ತಿದ್ದರೆ ಅಥವಾ ಹಳದಿ ಹೆಕ್ಕಳೆ ಕಟ್ಟಿದ್ದರೆ, ಜೊತೆಗೆ ಜ್ವರವೂ ಇದ್ದರಂತೂ, ನಾಳೆಗೆ ಕಾಯದೆ ಇವತ್ತೇ ಡಾಕ್ಟರಿಗೆ ತೋರಿಸಿ. ಹಚ್ಚುತ್ತಿದ್ದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.