ಕುಂಬಳೆಯಿಂದ ಮಂಗಳೂರಿಗೆ ಓದಲು ಹೋಗುವವರಿಗೆ ಯಾವುದು ಅಗ್ಗ: ರೈಲಿನ ಸೀಸನ್ನೋ, ಬಸ್ಸೋ?

ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದ ಎಷ್ಟೋ ಮಕ್ಕಳು ಪ್ಲಸ್ ಟು ಮುಗಿಸಿ ಮಂಗಳೂರಿನ ಕಾಲೇಜು ಸೇರುತ್ತಾರೆ. ಕಾಸರಗೋಡಿನಿಂದ ಲೆಕ್ಕ ಹಾಕಿದರೂ 50 ಕಿ.ಮೀ. ಆಸುಪಾಸು, ಅಷ್ಟೆ. ಆದರೆ ನಡುವೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಇದೆ. ನಾನು ಡಿಗ್ರಿ ಓದಿದ್ದು ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ, ಎಂ.ಎ. ವಿಶ್ವವಿದ್ಯಾಲಯವಿರುವ ಕೊಣಾಜೆಯಲ್ಲಿ. ಹಾಗಾಗಿ ರೈಲು, ಬಸ್ಸು ಎರಡರಲ್ಲೂ ವರ್ಷಗಟ್ಟಲೆ ಓಡಾಡಿದ್ದೇನೆ.

ಖರ್ಚಿನ ಮಾತಿಗೆ ಬಂದರೆ ರೈಲಿಗೆ ಸಾಟಿಯಿಲ್ಲ. ವಿದ್ಯಾರ್ಥಿಗಳಿಗೆ ತಿಂಗಳ ಸೀಸನ್ ಟಿಕೆಟ್, ಅಂದರೆ ತಿಂಗಳಿಡೀ ಓಡಾಡುವ ಪಾಸು, ಅರ್ಧ ದರಕ್ಕೆ ಸಿಗುತ್ತದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದಕ್ಕಿಂತಲೂ ಕಡಿಮೆಗೆ. ಹುಡುಗಿಯರಿಗೆ ಡಿಗ್ರಿ ಮುಗಿಯುವವರೆಗೆ, ಹುಡುಗರಿಗೆ ಹನ್ನೆರಡನೇ ತರಗತಿಯವರೆಗೆ ಸೆಕೆಂಡ್ ಕ್ಲಾಸಿನ ಸೀಸನ್ ಪೂರ್ತಿ ಉಚಿತ. 2008ರ ರೈಲ್ವೆ ಬಜೆಟ್ಟಿನಲ್ಲಿ ಬಂದ ಸೌಲಭ್ಯ ಇದು. ನಮ್ಮೂರಿನ ಹಲವು ಮನೆಗಳಿಗೆ ಈಗಲೂ ಇದು ಗೊತ್ತಿಲ್ಲ ಎನ್ನುವುದೇ ನನ್ನ ಸಂಕಟ. ಕಾಲೇಜಿನ ಕಚೇರಿಯಲ್ಲಿ ಫಾರಂ ಕೇಳಿ, ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ, ಐಡಿ ಕಾರ್ಡಿನ ಜೊತೆ ಸ್ಟೇಷನ್ ಕೌಂಟರಿನಲ್ಲಿ ಕೊಡಿ. ಮನೆ ಯಾವ ರಾಜ್ಯದಲ್ಲಿದೆ, ಕಾಲೇಜು ಯಾವ ರಾಜ್ಯದಲ್ಲಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಒಂದೆರಡು ಎಚ್ಚರಿಕೆ ಬೇಕು. ಸೂಪರ್‌ಫಾಸ್ಟ್ ಹತ್ತುವುದಾದರೆ ಸೀಸನ್ ಇದ್ದರೂ ಹೆಚ್ಚುವರಿ ಶುಲ್ಕ ಕಟ್ಟಿರಬೇಕು. ಕೇರಳದಿಂದ ಕೊಂಕಣ ಮಾರ್ಗಕ್ಕೆ ಹೋಗುವ ರೈಲುಗಳು ಮಂಗಳೂರು ಸೆಂಟ್ರಲ್ ಸ್ಟೇಷನ್ನಿಗೆ ಬರದೆ ಪಡೀಲಿನ ಮಂಗಳೂರು ಜಂಕ್ಷನ್ ಮೇಲೆ ಹೋಗುತ್ತವೆ, ಅಲ್ಲಿ ಇಳಿದರೆ ಹಂಪನಕಟ್ಟೆಗೆ ಮತ್ತೆ ಬಸ್ಸು ಹಿಡಿಯಬೇಕು. ಕುಂಬಳೆ, ಉಪ್ಪಳದವರಿಗೆ ಹೆಚ್ಚಾಗಿ ಕಣ್ಣೂರು ಕಡೆಯಿಂದ ಬರುವ ಪ್ಯಾಸೆಂಜರೇ ಗತಿ. ಅದು ತಪ್ಪಿದರೆ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ.

ಬಸ್ಸಿಗೇನೂ ಬರವಿಲ್ಲ. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ನಾನು ಮಾತ್ರ ಅವುಗಳಲ್ಲಿ ಪೂರ್ತಿ ಟಿಕೆಟ್ ಕೊಟ್ಟೇ ಹೋಗಿದ್ದು. 2023ರ ಜೂನಿನಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಆ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು, ಪಕ್ಕದ ಸೀಟಿನ ಗೆಳತಿಗೆ ಶೂನ್ಯ ಟಿಕೆಟ್. ನನ್ನ ಆಧಾರಿನಲ್ಲಿ ಕೇರಳದ ವಿಳಾಸ, ನನಗಿಲ್ಲ. ಒಂದೇ ಬೆಂಚಿನಲ್ಲಿ ಕೂತು ಓದುವವರ ನಡುವೆ ಈ ಭೇದ ಬೇಡವಾಗಿತ್ತು. ಕರ್ನಾಟಕದ ಕಾಲೇಜಿನ ಐಡಿ ಇದ್ದವರಿಗೆ ತಲಪಾಡಿಯಿಂದ ಈಚೆಗಾದರೂ ಇದನ್ನು ಕೊಡಬೇಕು ಎಂದು ಈಗಲೂ ಅನಿಸುತ್ತದೆ.

ತಲಪಾಡಿವರೆಗೆ ಕೇರಳದ ಖಾಸಗಿ ಬಸ್ಸು, ಅಲ್ಲಿಂದ ಮಂಗಳೂರಿನ ಸಿಟಿ ಬಸ್ಸು ಎಂದು ದಾರಿ ತುಂಡು ಮಾಡಿಯೂ ನೋಡಿದೆ. ಕೇರಳದಲ್ಲಿ ವಿದ್ಯಾರ್ಥಿ ಕನ್ಸೆಷನ್ ಕನಿಷ್ಠ ಒಂದು ರೂಪಾಯಿಯಿಂದ ಶುರು. ಆದರೆ ಮಂಗಳೂರಿನ ಐಡಿ ತೋರಿಸಿದಾಗ ಒಬ್ಬ ಕಂಡಕ್ಟರ್ ಒಪ್ಪಿದರೆ ಇನ್ನೊಬ್ಬ ಆಗುವುದಿಲ್ಲ ಎಂದುಬಿಡುತ್ತಿದ್ದ. ಮಳೆಗಾಲದಲ್ಲಿ ಒದ್ದೆ ಕೊಡೆ, ಬ್ಯಾಗು ಹಿಡಿದು ಗಡಿಯಲ್ಲಿ ಇಳಿದು ಹತ್ತುವುದಂತೂ ಸಾಕುಬೇಕಾಯಿತು. ಈ ದಾರಿ ಹಿಡಿಯಿರಿ ಎಂದು ಯಾರಿಗೂ ಹೇಳಲಾರೆ.

ಕೊಣಾಜೆ, ದೇರಳಕಟ್ಟೆಗೆ ಹೋಗುವವರ ಲೆಕ್ಕವೇ ಬೇರೆ. ಸೆಂಟ್ರಲ್‌ವರೆಗೆ ಹೋಗಿ ನೇತ್ರಾವತಿ ಸೇತುವೆ ದಾಟಿ ಹಿಂದೆ ಬರುವುದರಲ್ಲಿ ಅರ್ಥವಿಲ್ಲ. ಪ್ಯಾಸೆಂಜರ್ ಹೊಂದುವುದಾದರೆ ಉಳ್ಳಾಲ ಸ್ಟೇಷನ್ನಿಗೇ ಸೀಸನ್ ಮಾಡಿಸಿ, ಅಲ್ಲಿಂದ ತೊಕ್ಕೊಟ್ಟಿಗೆ ಬಂದು ಕೊಣಾಜೆ ಬಸ್ಸು ಹತ್ತಿ. ಹೊತ್ತು ಹೊಂದದಿದ್ದರೆ ನೇರ ಬಸ್ಸಿನಲ್ಲಿ ಬಂದು ತೊಕ್ಕೊಟ್ಟಿನಲ್ಲಿ ಇಳಿಯುವುದೇ ಸುಲಭ, ದುಡ್ಡು ಹೆಚ್ಚಾದರೂ. ಎಂ.ಎ.ಯ ಕಾಲದಲ್ಲಿ ನಾನು ಬೆಳಿಗ್ಗೆ ಬಸ್ಸು, ಸಂಜೆ ರೈಲು ಮಾಡಿಕೊಂಡಿದ್ದೆ. ಅರ್ಧ ದರದ ಸೀಸನ್ ಆದ್ದರಿಂದ ಒಂದೇ ಹೊತ್ತು ಬಳಸಿದರೂ ನಷ್ಟವಾಗಲಿಲ್ಲ.