ಡ್ಯುಯಲ್ ವೋಲ್ಟೇಜ್ ಡೈನಮೋ ಹಾಕಿಸುವವರು ಹುಷಾರು

ಲಾರಿ ಇಟ್ಟುಕೊಂಡಿರುವವರು ದಯವಿಟ್ಟು ಓದಿ. ಡೈನಮೋ ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು; ಡ್ಯುಯಲ್ ವೋಲ್ಟೇಜ್ ಅಂದರೆ ಒಂದರಲ್ಲೇ 24 ವೋಲ್ಟೂ 12 ವೋಲ್ಟೂ ಕೊಡುವಂಥದ್ದು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ನನಗೆ ಡ್ಯುಯಲ್ ವೋಲ್ಟೇಜ್ ಅಂತ ಹೇಳಿ ಮಾಮೂಲಿ 24 ವೋಲ್ಟ್ ಡೈನಮೋ ಕಟ್ಟಿದರು. ಅದೂ ಮೀಟರ್ ಹಿಡಿದು, ಕಣ್ಣೆದುರಿಗೇ ತೋರಿಸಿ!

ನಮ್ಮದು ಹತ್ತು ಚಕ್ರದ ಗಾಡಿ. ಗಾಡಿ 24, ಆದರೆ ಡ್ರೈವರ್ ಫ್ಯಾನು, ರಿವರ್ಸ್ ಕ್ಯಾಮೆರಾ, ಸ್ಟೀರಿಯೋ, ಸಣ್ಣ ಫ್ರಿಜ್ಜು ಎಲ್ಲಾ 12. 24 ಅನ್ನು 12ಕ್ಕೆ ಇಳಿಸುವ ಕನ್ವರ್ಟರ್ ಕೊಡಿ ಅಂದರೆ ಅಂಗಡಿಯವನು ಬಿಡಲಿಲ್ಲ. "ಅದೆಲ್ಲಾ ಬಿಸಿಯಾಗಿ ಹೋಗುತ್ತೆ ಸಾರ್. ಇದರಲ್ಲಿ ಎರಡೂ ಬರುತ್ತೆ, ಇಂಪೋರ್ಟೆಡ್ ಪೀಸು" ಅಂದ. ಫಿಟ್ಟಿಂಗೂ ಅವನ ಹುಡುಗರೇ ಮಾಡಿದರು.

ಇಂಜಿನ್ ಸ್ಟಾರ್ಟ್ ಮಾಡಿಸಿ ದೊಡ್ಡ ಬೋಲ್ಟಿಗೆ ಮೀಟರ್ ಇಟ್ಟ, 28. ಪಕ್ಕದ ಸಣ್ಣ ಬೋಲ್ಟಿಗೆ ಇಟ್ಟ, 14. ಚಾರ್ಜ್ ಆಗುವಾಗ 24ಕ್ಕೆ 28, 12ಕ್ಕೆ 14 ಹತ್ತಿರ ಬರಬೇಕಾದದ್ದೇ. "ನೋಡಿ ಸಾರ್, ಇನ್ನೇನು ಬೇಕು?" ನಾನು ಖುಷಿಯಿಂದ ದುಡ್ಡು ಎಣಿಸಿ ಕೊಟ್ಟೆ. ಟೀ ಬೇರೆ ಕುಡಿಸಿದೆ ಅವನಿಗೆ!

ಆ ಸಣ್ಣ ಬೋಲ್ಟು ಆರ್‌ಪಿಎಂ ಮೀಟರಿಗೆ ಸಿಗ್ನಲ್ ಕೊಡುವುದು. ಡೈನಮೋ ಒಳಗಿನ ಸುರುಳಿಗಳಲ್ಲಿ ಒಂದೇ ಫೇಸಿನಿಂದ ತೆಗೆದದ್ದು. ಡಿಸಿಯಲ್ಲಿ ಅಳೆದರೆ ಅರ್ಧ ತೋರಿಸುತ್ತದೆ ಅಷ್ಟೇ, ಲೋಡ್ ಎಳೆಯುವುದಕ್ಕೆ ಇರುವುದಲ್ಲ. ಹಾಗಾದರೆ ನನ್ನ ಫ್ಯಾನು, ಫ್ರಿಜ್ಜು ಹೇಗೆ ಓಡುತ್ತಿದ್ದವು? ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ಆಗುವ ನಡುವಿನ ಜಾಯಿಂಟಿನಿಂದ ವೈರ್ ಎಳೆದು, ಸ್ಲೀವ್ ಒಳಗೆ ಮುಚ್ಚಿ, ಡೈನಮೋ ಪಕ್ಕದಲ್ಲೇ ಸುತ್ತಿಸಿ ತಂದಿದ್ದರು.

ಗೊತ್ತಾಗಿದ್ದು ತುಮಕೂರು ರಸ್ತೆಯಲ್ಲಿ ಲೋಡ್ ಗಾಡಿ ನಿಂತಾಗ. ಸೆಲ್ಫ್ ಕಟಕ್ ಅನ್ನುತ್ತದೆ, ತಿರುಗುವುದಿಲ್ಲ. ಒಂದು ಬ್ಯಾಟರಿ ಕೊಳೆತ ಮೊಟ್ಟೆ ವಾಸನೆ, ನೀರೆಲ್ಲಾ ಕುದಿದು ಹೋಗಿದೆ. ಇನ್ನೊಂದು ಸತ್ತಿದೆ. ನೆಲಮಂಗಲದ ಎಲೆಕ್ಟ್ರಿಷಿಯನ್ ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಸಿ ಒಂದೊಂದನ್ನೇ ಅಳೆದ. ಒಂದರಲ್ಲಿ 15ರ ಮೇಲೆ, ಇನ್ನೊಂದರಲ್ಲಿ 13 ಕೂಡ ಇಲ್ಲ. ಡೈನಮೋ ನೋಡುವುದು ಒಟ್ಟು 28 ಮಾತ್ರ. 12ರ ಲೋಡೆಲ್ಲಾ ಒಂದೇ ಬ್ಯಾಟರಿ ಹೊತ್ತಿತು, ಇನ್ನೊಂದಕ್ಕೆ ಚಾರ್ಜ್ ಜಾಸ್ತಿಯಾಯಿತು. ಎಲೆಕ್ಟ್ರಿಷಿಯನ್ ಸ್ಲೀವ್ ಬಿಚ್ಚಿ ನೋಡಿ ನಕ್ಕುಬಿಟ್ಟ. ಡ್ರೈವರ್ ಮುಂದೆ ನನ್ನ ಮಾನ ಹೋಯಿತು.

ಫಿಟ್ಟಿಂಗ್ ಕಥೆಯೂ ಕೇಳಿ. ಡೈನಮೋ ಕೂರಿಸುವ ಬ್ರಾಕೆಟ್ ಕಿವಿ ಕೂರದೆ ವಾಷರ್ ಮೇಲೆ ವಾಷರ್ ತುರುಕಿದ್ದರು. ಪುಲ್ಲಿ ಲೈನಿಗೇ ಇಲ್ಲ, ಬೆಲ್ಟ್ ಸವೆದು ಕರಿಪುಡಿ. ಮೊದಲೇ ಕಿರ್ರ್ ಅನ್ನುತ್ತೆ ಅಂತ ಫೋನ್ ಮಾಡಿದ್ದೆ. "ಹೊಸ ಬೆಲ್ಟ್ ಹಾಗೇ ಸಾರ್, ಸೆಟ್ ಆಗುತ್ತೆ" ಅಂದಿದ್ದ.

ಈಗ ಅಂಗಡಿಯವನನ್ನು ಕೇಳಿದರೆ? ಮೊದಲು "ಬ್ಯಾಟರಿ ಕಂಪನಿದು ಪ್ರಾಬ್ಲಮ್ಮು." ಆಮೇಲೆ "ನಿಮ್ಮ ಡ್ರೈವರ್ ಏನೋ ಕೈ ಹಾಕಿರುತ್ತಾನೆ." ವೈರಿನ ಫೋಟೋ ಕಳಿಸಿದ ಮೇಲೆ "12 ಬೇಕು ಅಂದ್ರಿ, 12 ಬಂತು ಅಲ್ವಾ ಸಾರ್?" ಎಂಥಾ ಧೈರ್ಯ ನೋಡಿ! 12 ಬಂತು ಅಲ್ವಾ ಅಂತೆ! ಎರಡು ಬ್ಯಾಟರಿ ದುಡ್ಡು ಯಾರು ಕೊಡುತ್ತಾರೆ?

ಯಾರಾದರೂ ಡ್ಯುಯಲ್ ಅಂದರೆ ಸುಮ್ನೆ ಮೀಟರ್ ನೋಡಿ ನಂಬಬೇಡಿ. 12ರ ಕಡೆಗೆ ಒಂದೆರಡು ಹೆಡ್‌ಲೈಟ್ ಬಲ್ಬ್ ಉರಿಸಿ, ಆಗ ಅಳೆಯಿರಿ. ವೈರ್ ಹಿಡಿದುಕೊಂಡು ಕೊನೆವರೆಗೂ ಹೋಗಿ, ಬ್ಯಾಟರಿ ನಡುವೆ ಹೋಗಿದ್ದರೆ ಅಲ್ಲೇ ಬಿಚ್ಚಿಸಿ. ಫ್ಯಾನು, ಕ್ಯಾಮೆರಾ ಇಷ್ಟಕ್ಕೇ ಆದರೆ ಒಳ್ಳೆ ಕನ್ವರ್ಟರ್ ಸಾಕಿತ್ತು, ಈಗ ಅದನ್ನೇ ಹಾಕಿಸಿದ್ದೇನೆ. ಬಿಲ್ಲಿನಲ್ಲಿ ಎರಡೂ ಕಡೆಯ ವೋಲ್ಟು, ಆಂಪಿಯರ್ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ಇರುವುದು "ಡೈನಮೋ 1" ಅಂತ ಮಾತ್ರ. ಅದನ್ನೇ ಹಿಡಿದುಕೊಂಡು ಅವನು "ಡ್ಯುಯಲ್ ಅಂತ ಎಲ್ಲಿ ಬರೆದಿದೆ ಸಾರ್?" ಅನ್ನುತ್ತಿದ್ದಾನೆ.