ಹೈಬ್ರಿಡ್ ಗಾಡಿಗೆ ಸೌಂಡ್: ಬಾಸ್ ಡಬ್ಬಿನಾ, ಸ್ಪೀಕರ್ರಾ, ಆಂಪ್ಲಿಫೈಯರ್ರಾ?

ಪೆಟ್ರೋಲ್ ಗಾಡಿ ಮಾರಿ ಹೈಬ್ರಿಡ್ ತಗೊಂಡ ಮೊದಲ ವಾರವೇ ಗೊತ್ತಾಯ್ತು, ಇದರಲ್ಲಿ ಹಾಡು ಕೇಳೋದು ಕಷ್ಟ ಅಂತ. ಹಳೇ ಗಾಡಿಯ ಸ್ಪೀಕರ್ ಏನೂ ದೊಡ್ಡದಿರಲಿಲ್ಲ, ಆದರೆ ಅಲ್ಲಿ ಇಂಜಿನ್ ಸದ್ದು ಎಲ್ಲದರ ಮೇಲೂ ಮುಸುಕು ಹಾಕುತ್ತಿತ್ತು. ಇಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ನಿಂತರೆ ಇಂಜಿನ್ ಆಫ್. ಹೊರಟ ಮೇಲೂ ಸ್ವಲ್ಪ ದೂರ ಬರೀ ಮೋಟಾರಿನಲ್ಲೇ ಓಡುತ್ತದೆ. ಅಷ್ಟು ಮೌನದಲ್ಲಿ ಸ್ಪೀಕರಿನ ಹುಳುಕೆಲ್ಲ ಕಿವಿಗೆ ಬೀಳುತ್ತದೆ.

ಸ್ಕ್ರೀನ್ ಬದಲಿಸುವ ಯೋಚನೆ ಮೊದಲೇ ಬಿಟ್ಟೆ. ಬ್ಯಾಟರಿಗೆ ಎಷ್ಟು ಹೋಗ್ತಿದೆ, ಚಕ್ರಕ್ಕೆ ಎಷ್ಟು ಹೋಗ್ತಿದೆ ಅನ್ನೋದೂ, ಹಿಂದಿನ ಕ್ಯಾಮರಾನೂ ಅದರಲ್ಲೇ ಬರುತ್ತದೆ. ಅದನ್ನು ಕಿತ್ತು ಬೇರೆ ಹಾಕೋದು ಸುಮ್ನೆ ತಲೆನೋವು. ಉಳಿದದ್ದು ಮೂರು ದಾರಿ, ಮೂರನ್ನೂ ಹಾಕಿಸಿ ನೋಡಿದೆ. ಪರೀಕ್ಷೆಯ ದಾರಿ ಬಳ್ಳಾರಿಯಿಂದ ಹೊಸಪೇಟೆ, 60 ಕಿ.ಮೀ. ಮೇಲೆ. ಊರೊಳಗಿನ ಸದ್ದಿಲ್ಲದ ಓಟವೂ ಸಿಗುತ್ತದೆ, ತೋರಣಗಲ್ಲು ಹತ್ತಿರ ಅದಿರು ಲಾರಿಗಳ ಗದ್ದಲವೂ ಸಿಗುತ್ತದೆ. ಕೇಳಿದ್ದು ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳು, ಒಂದಿಷ್ಟು ಸಿನಿಮಾ ಹಾಡು, ಹೊಸಪೇಟೆ ಆಕಾಶವಾಣಿ. ದನಿ, ಹಾರ್ಮೋನಿಯಂ, ತಬಲದ ದಪ್ಪ ದನಿಯ ಡಗ್ಗಾ ಮೂರೂ ಬೇರೆಬೇರೆಯಾಗಿ ಕೇಳಿಸಬೇಕು, ನನಗೆ ಬೇಕಿದ್ದದ್ದು ಇಷ್ಟೇ.

ಮೊದಲನೆಯದು ಸೀಟಿನ ಕೆಳಗಿಡುವ ಬಾಸ್ ಡಬ್ಬಿ. ಬಾಸ್ ಅಂದರೆ ತಗ್ಗಿನ ದಪ್ಪ ದನಿ ಮಾತ್ರ ನುಡಿಸುವ 8 ಇಂಚಿನ ಚಪ್ಪಟೆ ಸಬ್ ವೂಫರ್, ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್ ಒಳಗೇ ಇರುತ್ತದೆ. ನಮ್ಮ ಭಾಮೈದನದ್ದು, ಹದಿನೈದು ದಿನಕ್ಕೆ ಸಾಲ ತಂದೆ. ಡಿಕ್ಕಿಯಲ್ಲಿಡುವ ದೊಡ್ಡ ಡಬ್ಬಿ ನಮಗೆ ಆಗುವ ಮಾತಲ್ಲ. ಡಿಕ್ಕಿಯ ಅರ್ಧ ಜಾಗ ಹೈಬ್ರಿಡ್ ಬ್ಯಾಟರಿಯೇ ನುಂಗಿದೆ. ಹಿಂದಿನ ಸೀಟಿನ ಹತ್ತಿರ ಆ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಬೇರೆ ಇದೆ, ಅದನ್ನು ಮುಚ್ಚಿದರೆ ನಮ್ಮ ಬೇಸಿಗೆಯಲ್ಲಿ ಬ್ಯಾಟರಿಗೆ ಉಸಿರುಗಟ್ಟುತ್ತದೆ.

ಹಾಕಿದ ದಿನ ಮಜಾ ಬಂತು, ಸುಳ್ಳು ಹೇಳಲ್ಲ. ಮಗ ಕುಣಿದ. ಮೂರನೇ ದಿನಕ್ಕೆ ನನಗೆ ಬೇಜಾರಾಯ್ತು. ಕೆಳಗಡೆ ದಢದಢ ಬರುತ್ತದೆ, ಮೇಲೆ ಜಂಬಲದಿನ್ನಿಯವರ ದನಿ ಮೊದಲಿನಂತೆ ರಗ್ಗು ಹೊದ್ದುಕೊಂಡೇ ಇದೆ. ಡಗ್ಗಾ ಮಾತ್ರ ಬಂದು ಗಾಯಕರೇ ಬರದಿದ್ದರೆ ಕಚೇರಿ ಹೇಗಾಗುತ್ತದೆ?

ಆಮೇಲೆ ಹೊಸಪೇಟೆಯ ಮದುವೆ. ಮಾವನವರು ಮಂಟಪದ ಒಳಗೆ, ನಾನು ಹೊರಗೆ ಗಾಡಿಯಲ್ಲಿ. ಪೆಟ್ರೋಲ್ ಉಳಿಸೋಣ ಅಂತ ಗಾಡಿಯನ್ನು ರೆಡಿಗೆ (ಓಡಲು ಸಿದ್ಧ ಇರುವ ಸ್ಥಿತಿಗೆ) ಹಾಕದೆ, ಬರೀ ಸ್ಟೀರಿಯೋದಂಥವು ಮಾತ್ರ ನಡೆಯುವ ಎಸಿಸಿಯಲ್ಲಿಟ್ಟು ಮುಕ್ಕಾಲು ಗಂಟೆ ಹಾಡು ಕೇಳಿದೆ. ಹೊರಡುವಾಗ ಗಾಡಿ ಏಳಲೇ ಇಲ್ಲ. ಹೈಬ್ರಿಡ್‌ನಲ್ಲಿ ಎರಡು ಬ್ಯಾಟರಿ ಅಲ್ವಾ? ಚಕ್ರ ತಿರುಗಿಸುವ ದೊಡ್ಡದು ಒಂದು. ಲೈಟು, ಲಾಕು, ಸ್ಟೀರಿಯೋ, ಕಂಪ್ಯೂಟರ್ ನೋಡಿಕೊಳ್ಳುವ 12 ವೋಲ್ಟಿನ ಸಣ್ಣದು ಇನ್ನೊಂದು. ಇಂಜಿನ್ ತಿರುಗಿಸುವ ಭಾರ ಈ ಸಣ್ಣದರ ಮೇಲೆ ಇಲ್ಲದ್ದರಿಂದ ಅದನ್ನು ಸಾಮಾನ್ಯವಾಗಿ ಚಿಕ್ಕದಾಗೇ ಕೊಟ್ಟಿರುತ್ತಾರೆ. ಅದಕ್ಕೆ ಪೆಟ್ರೋಲ್ ಗಾಡಿಯಂತೆ ಇಂಜಿನ್ನಿಂದ ತಿರುಗಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ಕಡೆಯಿಂದ ವೋಲ್ಟ್ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಮೂಲಕ ಚಾರ್ಜ್ ಬರುತ್ತದೆ, ಅದೂ ರೆಡಿ ದೀಪ ಹತ್ತಿದ್ದಾಗ ಮಾತ್ರ. ದೊಡ್ಡದು ತುಂಬಿಕೊಂಡೇ ಕೂತಿದೆ, ಸಣ್ಣದು ಸತ್ತಿದ್ದಕ್ಕೆ ಗಾಡಿ ಅಲ್ಲಾಡುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಅದೇ ಕತೆ. ತಳ್ಳಿ ಸ್ಟಾರ್ಟ್ ಮಾಡುವ ಗಾಡಿಯೂ ಇದಲ್ಲ. ಮದುಮಗನ ಚಿಕ್ಕಪ್ಪನ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದೆವು, ಮಾವನವರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮರುದಿನ ಮೀಟರ್ ಹಿಡಿದು ನೋಡಿದೆ. ರೆಡಿಯಲ್ಲಿ 14.1 ವೋಲ್ಟ್, ಬಾಸ್ ಎಷ್ಟೇ ಜೋರಿದ್ದರೂ ಅಲುಗಾಡಲ್ಲ. ಎಸಿಸಿಯಲ್ಲಿ 12.2ರಿಂದ ಶುರುವಾಗಿ ನೋಡನೋಡುತ್ತಲೇ ಇಳಿಯಿತು. ಹಾಗಾಗಿ ತಪ್ಪು ಡಬ್ಬಿಯದ್ದಲ್ಲ, ನನ್ನದು. ಆದರೂ ಇದನ್ನೇ ಹಾಕಿಸುವವರು ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ, ಒಂದು ಗೇಣಿನೊಳಗೆ ಫ್ಯೂಸ್ ಹಾಕಿಸಿ.

ಎರಡನೆಯದು ಮುಂದಿನ ಬಾಗಿಲಿಗೆ ಹೊಸ ಸ್ಪೀಕರ್, ಜೊತೆಗೆ ಬಾಗಿಲೊಳಗೆ ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್. ನನ್ನ ದುಡ್ಡು ಸಾರ್ಥಕ ಆಗಿದ್ದು ಇಲ್ಲಿ.

ಕಾಂಪೊನೆಂಟ್ ಸೆಟ್ ತಗೊಂಡೆ: ಬಾಗಿಲಲ್ಲಿ 6.5 ಇಂಚಿನದು, ಕನ್ನಡಿ ಹತ್ತಿರ ಚೂಪು ದನಿಗೆ ಸಣ್ಣ ಟ್ವೀಟರ್. 9,500 ರೂಪಾಯಿ. ಅಂಗಡಿಯಲ್ಲಿ ಡಬ್ಬದ ಮೇಲಿನ 300 ವ್ಯಾಟ್ ತೋರಿಸಿ ಮಾರುತ್ತಾರೆ, ಅದನ್ನು ನಂಬಬೇಡಿ. ಗಾಡಿಯ ಸ್ಟೀರಿಯೋ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಲೆಕ್ಕದ ಪ್ರಕಾರವೇ 26 ವ್ಯಾಟ್ ದಾಟಲ್ಲ, ಕೈಗೆ ಸಿಗೋದು ಇನ್ನೂ ಕಮ್ಮಿ. ಆದ್ದರಿಂದ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟೇ ಪವರಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನೋದು. ಅದು 90 ಡಿಬಿ (ಡೆಸಿಬೆಲ್) ಮೇಲಿರಲಿ. 3 ಡಿಬಿ ಕಮ್ಮಿ ಇರುವ ಸ್ಪೀಕರ್ ಅಷ್ಟೇ ಜೋರಾಗಿ ಹಾಡಬೇಕೆಂದರೆ ಎರಡರಷ್ಟು ಪವರ್ ಕೇಳುತ್ತದೆ.

ಹಾಕುವ ಹುಡುಗ ಹೆದರಿಬಿಟ್ಟ. "ಹೈಬ್ರಿಡ್ ಐತಲ್ರೀ ಸರ್, ಶಾಕ್ ಹೊಡೆದ್ರ ಏನ್ ಮಾಡ್ಲಿ?" ದೊಡ್ಡ ಬ್ಯಾಟರಿಯ ಆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಮುಟ್ಟದಿದ್ದರೆ ಸಾಕು, ಅದು ಬಾಗಿಲ ಕಡೆ ಬರೋದೇ ಇಲ್ಲ ಅಂದೆ. ಕಂಪನಿ ವೈರು ಕತ್ತರಿಸಬೇಡ, ಸಿಕ್ಕಿಸಿ ಜೋಡಿಸುವ ಕಪ್ಲರ್ ಹಾಕು ಅಂತಲೂ ಹೇಳಿದೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ವಾರಂಟಿ ಇರುವಾಗ ನೂರು ರೂಪಾಯಿ ಕಪ್ಲರಿಗೆ ಜಿಪುಣತನ ಯಾಕೆ?

ಡ್ಯಾಂಪಿಂಗ್ ವಿಷಯದಲ್ಲಿ ಮಾತ್ರ ನಾನು ಜಿಪುಣನೇ ಆದೆ. ಒಬ್ಬರು ಟಾರ್ ಶೀಟ್ ಅಂಟಿಸಿದರು, ಅಗ್ಗ. ಬಂತು ಏಪ್ರಿಲ್. ಬಳ್ಳಾರಿ ಬಿಸಿಲಲ್ಲಿ ಹೊತ್ತಿಡೀ ನಿಂತ ಗಾಡಿಯ ಬಾಗಿಲು ಮುಟ್ಟಿ ನೋಡಿ, ದೋಸೆ ಹುಯ್ಯಬಹುದು. ಶೀಟ್ ಮೆತ್ತಗಾಗಿ ಜಾರಿತು, ಗಾಡಿಯೊಳಗೆ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ. ಎಲ್ಲ ಕೆರೆಸಿ ಬ್ಯುಟೈಲ್ ರಬ್ಬರಿನ ಶೀಟ್ ಹಾಕಿಸಿದೆ, ಎರಡು ಬಾಗಿಲಿಗೆ ಕೂಲಿ ಸೇರಿ 5,000. ಅದಿನ್ನೂ ಜಾಗ ಬಿಟ್ಟು ಕದಲಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಸ್ಪೀಕರ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ಎಳೆಯುತ್ತದೆ. ಬಾಗಿಲ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿದ್ದರೆ ಹಿಂದಿನ ಸದ್ದು ಅದರಿಂದ ಬಂದು ಮುಂದಿನದನ್ನು ತಿಂದುಹಾಕುತ್ತದೆ, ಮೊದಲು ಸಾಯೋದು ಡಗ್ಗಾ. ತೂತು ಮುಚ್ಚಿ, ತಗಡಿಗೆ ಭಾರ ಕೊಟ್ಟ ಮೇಲೆ ಹೊಸ ಡಬ್ಬಿ ಇಲ್ಲದೇ ಬಾಸ್ ಬಂತು. ಬೋನಸ್ಸಾಗಿ ತೋರಣಗಲ್ಲಿನ ಲಾರಿ ಸದ್ದೂ ಒಂದಿಷ್ಟು ಹೊರಗೇ ಉಳಿಯಿತು. ಟೈರಿನ ಗುಂಯ್ ಮಾತ್ರ 80ರ ಮೇಲೆ ಹಾಗೇ ಇದೆ. ಅದು ಬರೋದು ನೆಲದಿಂದ, ಬಾಗಿಲೇನು ಮಾಡುತ್ತದೆ ಪಾಪ.

ಮೂರನೆಯದು ಡಿಎಸ್‌ಪಿ (ಪ್ರತಿ ಸ್ಪೀಕರಿನ ಸದ್ದನ್ನು ಬೇರೆಬೇರೆಯಾಗಿ ತಿದ್ದುವ ಚಿಪ್) ಇರುವ ನಾಲ್ಕು ಚಾನೆಲ್ ಆಂಪ್ಲಿಫೈಯರ್, 22,000. ಪರಿಚಯದ ಅಂಗಡಿಯವರು ಡೆಮೊ ಪೀಸ್ ಹತ್ತು ದಿನಕ್ಕೆ ಹಾಕಿಕೊಟ್ಟರು. ಮೊದಲ ದಿನ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹಾಡಿನ ಹಿಂದೆ ಸೊಳ್ಳೆ ಹಾಗೆ ಕುಂಯ್ ಅನ್ನುತ್ತಿತ್ತು. ಅರ್ಥ್ ವೈರನ್ನು ಪೇಂಟ್ ಮೇಲೇ ಬಿಗಿದಿದ್ದರು. ಪೇಂಟ್ ಕೆರೆದು ಬಿಗಿದರು, ಪವರ್ ವೈರು ಒಂದು ಪಕ್ಕ, ಸಿಗ್ನಲ್ ವೈರು ಇನ್ನೊಂದು ಪಕ್ಕ ಎಳೆದರು, ಹೋಯಿತು.

ಇದರ ಚಮತ್ಕಾರ ಬೇರೆ. ನಾನು ಕೂರೋದು ಬಲಕ್ಕೆ, ಎಡಗಡೆ ಸ್ಪೀಕರ್ ನನ್ನಿಂದ ಅರ್ಧ ಮೀಟರ್ ಜಾಸ್ತಿ ದೂರ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ (ನಮ್ಮೂರ ಬಿಸಿಲಿಗೆ ಇನ್ನೂ ಸ್ವಲ್ಪ ಜೋರಾಗೇ), ಅಂದರೆ ಎಡಗಡೆಯದ್ದು ಒಂದೂವರೆ ಮಿಲಿಸೆಕೆಂಡ್ ತಡ. ಡಿಎಸ್‌ಪಿ ಬಲಗಡೆಯದ್ದನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸುತ್ತದೆ. ಗಾಯಕರು ಬಾಗಿಲಿಂದ ಎದ್ದು ಬಂದು ಡ್ಯಾಶ್‌ಬೋರ್ಡ್ ನಡುವೆ ಕೂತರು! ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಪಕ್ಕದಿಂದ ಹೆಂಡತಿ, "ನನ್ ಕಡೆ ಮೊದಲೇ ಚಲೋ ಇತ್ತಲ್ರೀ" ಅಂದಳು. ಅದೂ ನಿಜ. ಡ್ರೈವರ್ ಸೀಟಿಗೆ ಹೊಂದಿಸಿದ್ದು ಪಕ್ಕದ ಸೀಟಿಗೆ ಕೆಡುತ್ತದೆ. ಎಲ್ಲರಿಗೂ ಅಂತ ಇನ್ನೊಂದು ಸೆಟ್ಟಿಂಗ್ ಇಟ್ಟರೆ, ಎರಡನೇ ದಾರಿಗಿಂತ ಹೆಚ್ಚೇನೂ ಫರಕ್ಕಿಲ್ಲ.

ಊರೊಳಗೆ, ಮನೆಮಂದಿ ಜೊತೆ ಓಡಾಡುವವರು ಎರಡನೆಯದಕ್ಕೇ ನಿಲ್ಲಿಸಿ, 14,500ಕ್ಕೆ ಮುಗಿಯುತ್ತದೆ. ಒಬ್ಬರೇ ರಾಯಚೂರು, ಕೊಪ್ಪಳ ಅಂತ ತಿರುಗುವವರಿಗೆ ಮೂರನೆಯದೂ ದಂಡವಲ್ಲ, ಆದರೆ ಸ್ಪೀಕರ್ ಮತ್ತು ಬಾಗಿಲ ಕೆಲಸ ಆದಮೇಲೆ. ಬಾಸ್ ಡಬ್ಬಿ ಭಾಮೈದನಿಗೆ ವಾಪಸ್ ಹೋಗಿದೆ. ಆಂಪ್ಲಿಫೈಯರ್ ಹೋಗಿಲ್ಲ. ಹತ್ತು ದಿನ ಆಗಿ ಮೂರು ವಾರವಾಯ್ತು, ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದಾರೆ.